ಸತ್ಯಾಂಶ: ಗಟ್ಟಿಮುಟ್ಟಾದ ಹೋರಿ ಎಂದರೆ ರೋಗವಿಲ್ಲದ ಹೋರಿಯೇ?

‘ವೀರ್ಯಕಡ್ಡಿಯಿಂದ ರೋಗ ಬರುತ್ತದೆ, ಊರಿನ ಗಟ್ಟಿಮುಟ್ಟಾದ ಹೋರಿಯೇ ಸುರಕ್ಷಿತ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಹೈನುಗಾರರ ನಡುವೆ ಹರಿದಾಡುತ್ತಿದೆ. ವೀರ್ಯಕಡ್ಡಿ ಎಂದರೆ ಕೃತಕ ಗರ್ಭಧಾರಣೆಗಾಗಿ ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಣ್ಣ ಕೊಳವೆ. ವಾಸ್ತವ ಹೆಚ್ಚುಕಡಿಮೆ ತದ್ವಿರುದ್ಧ.

ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹೋರಿಯ ಮುಂದೊಗಲಿನ ಸಣ್ಣ ಮಡಿಕೆಗಳಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಹೋರಿಗೆ ಜ್ವರವಿಲ್ಲ, ಕೀವಿಲ್ಲ, ಮೇವು ಬಿಡುವುದಿಲ್ಲ. ತೊಂದರೆ ಕಾಣುವುದು ಕೂಡಿದಾಗ ಸೋಂಕು ತಗುಲಿದ ಹಸುವಿನಲ್ಲಿ: ಭ್ರೂಣ ಆರಂಭದಲ್ಲೇ ಸತ್ತು, ಹಸು ಮತ್ತೆ ಮತ್ತೆ ಬೆದೆಗೆ ಬರುತ್ತದೆ. ಬೈಗುಳವೂ ಹಸುವಿಗೇ! ಪತ್ತೆಗೆ ಮುಂದೊಗಲನ್ನು ಲವಣದ್ರಾವಣದಿಂದ ತೊಳೆದು, ಆ ದ್ರವವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಒಮ್ಮೆ ಸಿಗಲಿಲ್ಲವೆಂದರೆ ಸಾಲದು, ಮತ್ತೆ ಪರೀಕ್ಷಿಸಬೇಕು.

ಭಾರತದ ಮಾನ್ಯತೆ ಪಡೆದ ವೀರ್ಯ ಕೇಂದ್ರಗಳ ಹೋರಿಗಳಿಗೆ ಈ ಪರೀಕ್ಷೆಯ ಜೊತೆಗೆ ಗರ್ಭಪಾತ ತರುವ ಬ್ರುಸೆಲ್ಲಾ ಮತ್ತು ಕ್ಷಯದ ಪರೀಕ್ಷೆಯೂ ಕಡ್ಡಾಯ. ಸಂದೇಶದಲ್ಲಿ ಒಂದೆಳೆ ನಿಜವಿದೆ: ಕಡ್ಡಿಗಳನ್ನು ಮುಳುಗಿಸಿಡುವ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕವು ರೋಗಾಣುವನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ, ವೀರ್ಯದೊಂದಿಗೆ ಅದನ್ನೂ ಕಾಪಿಡಬಲ್ಲದು. ಆದ್ದರಿಂದ ಮೂಲ ತಿಳಿಯದ ಕಡ್ಡಿ ಬೇಡ. ಕಡ್ಡಿಯ ಮೇಲೆ ಮುದ್ರಿತವಾದ ಕೇಂದ್ರದ ಗುರುತು, ಹೋರಿಯ ಸಂಖ್ಯೆ ನೋಡಿ.