ಒಂದೇ ಕೇಸು, ಮೂರು ನಂಬರು

ದೇಶದ ಅಪರಾಧ ಅಂಕಿಗಳನ್ನು ಕೂಡಿಸುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ವರದಿ ಬಂದ ವಾರವೆಲ್ಲ ಯಾವ ರಾಜ್ಯದಲ್ಲಿ ಅಪರಾಧ ಜಾಸ್ತಿ ಅನ್ನೋ ಜಗಳ. ಅಪರಾಧದ ಸಂಖ್ಯೆ ಅಂತ ಆ ವರದಿಯಲ್ಲಿ ಇರೋದು ದಾಖಲಾದ ಎಫ್‌ಐಆರ್‌ಗಳ ಲೆಕ್ಕ ಮಾತ್ರ. ದೂರುದಾರರನ್ನು ಸಮಾಧಾನ ಮಾಡಿ ಮನೆಗೆ ಕಳಿಸುವ ಠಾಣೆ ಅದರಲ್ಲಿ ಬಲು ಶಾಂತವಾಗಿ ಕಾಣುತ್ತದೆ. ದಾಖಲಾತಿ ಹೆಚ್ಚಿದ್ದನ್ನು ಅಪರಾಧ ಹೆಚ್ಚಿತೆಂದು ಓದಬೇಡಿ ಎಂದು ಎನ್‌ಸಿಆರ್‌ಬಿಯೇ ಬರೆದಿರುತ್ತದೆ, ಆ ಪುಟ ತಿರುಗಿಸುವವರು ಕಮ್ಮಿ.

ನನಗೆ ಇದಕ್ಕಿಂತ ದೊಡ್ಡ ತಕರಾರು ಇರುವುದು ಶಿಕ್ಷೆಯ ಪ್ರಮಾಣದ ಬಗ್ಗೆ. ಒಂದು ವರ್ಷದಲ್ಲಿ ವಿಚಾರಣೆ ಮುಗಿದ ಕೇಸುಗಳಲ್ಲಿ ಎಷ್ಟಕ್ಕೆ ಶಿಕ್ಷೆಯಾಯಿತು ಅನ್ನುವುದೇ ಆ ಅಂಕಿ. ಒಂದು ಜಿಲ್ಲೆಯಲ್ಲಿ ಸಾವಿರ ಕೇಸು ಕೋರ್ಟಿನಲ್ಲಿವೆ, ಮುಗಿದದ್ದು ನೂರು, ಶಿಕ್ಷೆಯಾದದ್ದು ಅರವತ್ತಕ್ಕೆ ಅಂತಿಟ್ಟುಕೊಳ್ಳಿ. ಪ್ರಮಾಣ ಶೇ. 60. ಬಾಕಿ ಉಳಿದ ಒಂಬೈನೂರು ಲೆಕ್ಕಕ್ಕೇ ಇಲ್ಲ. ಆರೋಪಿ ತಪ್ಪೊಪ್ಪಿಕೊಂಡು ದಂಡ ಕಟ್ಟುವ ಸಣ್ಣ ಕೇಸುಗಳು ಬೇಗ ಮುಗಿಯುತ್ತವೆ. ಅವು ಹೆಚ್ಚಿದ್ದಷ್ಟೂ ಅಂಕಿಗೆ ಮೆರುಗು. ಈ ವರ್ಷ ತೀರ್ಪು ಬಂದ ಕೇಸು ಏಳೆಂಟು ವರ್ಷ ಹಳೆಯದಿರಬಹುದು, ಹೊಗಳಿಕೆ ಮಾತ್ರ ಈಗಿನ ಎಸ್ಪಿಗೆ.

ಸರಿಯಾದ ಲೆಕ್ಕ ಬೇಕಾದರೆ ಒಂದು ವರ್ಷದ ಎಫ್‌ಐಆರ್‌ಗಳನ್ನು ಒಂದು ಗುಂಪಾಗಿ ಹಿಡಿದು, 6, 12, 24, 36 ತಿಂಗಳಿಗೆ ಅವು ಎಲ್ಲಿವೆ ಎಂದು ನೋಡಬೇಕು: ತನಿಖೆಯಲ್ಲೋ, ಬಿ ರಿಪೋರ್ಟೋ (ಕೇಸು ನಿಲ್ಲುವುದಿಲ್ಲವೆಂದು ಮುಚ್ಚಿದ್ದು), ಸಿ ರಿಪೋರ್ಟೋ (ಪತ್ತೆಯಾಗಲಿಲ್ಲವೆಂದು ಮುಚ್ಚಿದ್ದು), ಚಾರ್ಜ್‌ಶೀಟೋ, ಖುಲಾಸೆಯೋ, ಶಿಕ್ಷೆಯೋ. ಇಷ್ಟು ಸರಳವಾದದ್ದು ಯಾಕೆ ಆಗುತ್ತಿಲ್ಲ?

ನಂಬರಿನಿಂದ. ಠಾಣೆಯಲ್ಲಿ ಕ್ರೈಂ ನಂಬರ್. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದರೆ ಸಿ.ಸಿ. ನಂಬರ್, ಸೆಷನ್ಸ್‌ಗೆ ಒಪ್ಪಿಸಿದರೆ ಮತ್ತೊಂದು. ಜೈಲಿನಲ್ಲಿ ಯುಟಿಪಿ, ಅಂದರೆ ವಿಚಾರಣಾಧೀನ ಕೈದಿಯ ನಂಬರ್. ಎಣಿಸುವ ಘಟಕವೂ ಬೇರೆ ಬೇರೆ. ಪೊಲೀಸರು ಎಫ್‌ಐಆರ್ ಎಣಿಸುತ್ತಾರೆ, ಕೋರ್ಟು ಕೇಸು ಎಣಿಸುತ್ತದೆ, ಜೈಲು ಮನುಷ್ಯರನ್ನು ಎಣಿಸುತ್ತದೆ. ಐವರು ಆರೋಪಿಗಳಲ್ಲಿ ಇಬ್ಬರು ತಲೆಮರೆಸಿಕೊಂಡರೆ ಅವರ ಮೇಲಿನ ಕೇಸು ಸ್ಪ್ಲಿಟ್ ಆಗಿ ಬೇರೆ ಕೇಸಾಗುತ್ತದೆ. ಒಂದು ಎಫ್‌ಐಆರ್, ಎರಡು ಕೇಸು, ಒಳಗೆ ಮೂರು ಜನ. ಮೂರೂ ಲೆಕ್ಕ ಸರಿಯೇ, ಕೂಡಿಸಲು ಮಾತ್ರ ಬರುವುದಿಲ್ಲ.

2009ರಲ್ಲಿ ದೇಶದ ಠಾಣೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಸಿಸಿಟಿಎನ್‌ಎಸ್‌ಗೆ ಮಂಜೂರಾತಿ ಸಿಕ್ಕಿತು. ಅದರ ಮೇಲೆ ಪೊಲೀಸ್, ಕೋರ್ಟು, ಜೈಲು, ಫೊರೆನ್ಸಿಕ್, ಪ್ರಾಸಿಕ್ಯೂಷನ್ ಎಲ್ಲವನ್ನೂ ಜೋಡಿಸುವ ಐಸಿಜೆಎಸ್ ಬಂತು. ಕೊಳವೆ ಹಾಕಿದ್ದಾಯಿತು. ಆದರೆ ಚಾರ್ಜ್‌ಶೀಟ್ ಸಲ್ಲಿಸುವ ಕೌಂಟರಿನಲ್ಲಿ ಎಫ್‌ಐಆರ್ ನಂಬರ್, ವರ್ಷ, ಠಾಣೆ ತಪ್ಪಾಗಿ ನಮೂದಾದರೆ ಕೊಂಡಿ ಅಲ್ಲೇ ಕಳಚುತ್ತದೆ. ಕೈಯಿಂದ ಟೈಪ್ ಮಾಡುವುದನ್ನೇ ನಿಲ್ಲಿಸಬೇಕು. ಠಾಣೆಯ ದಾಖಲೆಯಿಂದ ನಂಬರ್ ತಾನಾಗಿ ಬರಬೇಕು, ಹೊಂದದಿದ್ದರೆ ಸಾಫ್ಟ್‌ವೇರ್ ಮುಂದಕ್ಕೆ ಬಿಡಬಾರದು. ಸ್ಪ್ಲಿಟ್ ಕೇಸಿಗೆ ಮೂಲ ನಂಬರಿನ ಬಾಲವಾಗಿ ಒಂದು ಅಕ್ಷರ ಸಾಕು. ಪ್ರತಿ ಆರೋಪಿಗೂ ಎ1, ಎ2 ಎಂಬ ಕ್ರಮಾಂಕ ಹೇಗೂ ಇದೆ, ಜೈಲಿನ ಪ್ರವೇಶ ಪುಸ್ತಕದವರೆಗೂ ಅದೇ ಹೋಗಲಿ.

ಇನ್ನು ಪ್ರಧಾನ ಅಪರಾಧದ ನಿಯಮ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಎನ್‌ಸಿಆರ್‌ಬಿ ವರದಿಯಲ್ಲಿ ಎಣಿಸುವುದು ಅತಿ ಗಂಭೀರವಾದ ಒಂದನ್ನು ಮಾತ್ರ. ಕಾಗದದಲ್ಲಿ ಕೂಡಿಸುತ್ತಿದ್ದ ಕಾಲದ ಈ ನಿಯಮ ಈಗ ಯಾಕೆ? ಅಮೆರಿಕದ ಎಫ್‌ಬಿಐ ಇಂಥದೇ ಪದ್ಧತಿ ಬಿಟ್ಟು, 2021ರಿಂದ ಘಟನೆಯ ಪ್ರತಿ ಅಪರಾಧವನ್ನೂ ದಾಖಲಿಸುವ ವ್ಯವಸ್ಥೆಗೆ ಬದಲಾಯಿತು. ಆ ವರ್ಷ ಹಲವು ದೊಡ್ಡ ಪೊಲೀಸ್ ಇಲಾಖೆಗಳು ಸಿದ್ಧವಿಲ್ಲದೆ ರಾಷ್ಟ್ರೀಯ ಅಂಕಿಗಳಲ್ಲೇ ತೂತು ಬಿತ್ತು. ಹಾಗಾಗಿ ಕೆಲವು ವರ್ಷ ಎರಡೂ ಲೆಕ್ಕ ಒಟ್ಟಿಗೆ ನಡೆಯಲಿ. ನಮಗಂತೂ 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದು, ಕೊಲೆಯ ಕಲಂ 302 ಹೋಗಿ 103 ಬಂದಿದೆ. ಐಪಿಸಿ ಮತ್ತು ಬಿಎನ್‌ಎಸ್ ಕಲಮುಗಳ ಹೊಂದಾಣಿಕೆ ಪಟ್ಟಿಯನ್ನು ಎಲ್ಲ ಇಲಾಖೆಗಳೂ ಒಂದೇ ಬಳಸದಿದ್ದರೆ ಹಳೆಯ ವರ್ಷದ ಜೊತೆ ಹೋಲಿಕೆ ಕೆಡುತ್ತದೆ.

ಆಡಿಟ್ ಇಲ್ಲದಿದ್ದರೆ ಇದೆಲ್ಲ ಅಲಂಕಾರ. ಪ್ರತಿ ಜಿಲ್ಲೆಯಲ್ಲಿ ತುರ್ತು ಸಂಖ್ಯೆ 112ಕ್ಕೆ ಬಂದ ಕರೆಗಳಲ್ಲಿ ತಿಂಗಳಿಗೆ ನೂರನ್ನು ಲಾಟರಿಯಲ್ಲಿ ಎತ್ತಿ, ಎಷ್ಟು ಎಫ್‌ಐಆರ್ ಆದವು ಎಂದು ಹೊರಗಿನವರು ನೋಡಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ಇಂಥ ತಪಾಸಣೆ, ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಶೇ. 19ರಷ್ಟು ದಾಖಲೇ ಆಗಿಲ್ಲ ಎಂದು ಅಂದಾಜಿಸಿತು. ಅದೇ ವರ್ಷ ಪೊಲೀಸ್ ಅಂಕಿಗಳಿಗಿದ್ದ 'ರಾಷ್ಟ್ರೀಯ ಅಂಕಿಅಂಶ' ಮಾನ್ಯತೆಯನ್ನೂ ಅಲ್ಲಿ ಕಿತ್ತುಕೊಂಡರು.

ಪ್ರಕಟಿಸುವಾಗ ಪಿಡಿಎಫ್ ಬೇಡ, ಕಂಪ್ಯೂಟರಿನಲ್ಲಿ ನೇರ ಲೆಕ್ಕ ಹಾಕಬಹುದಾದ ಸಿಎಸ್‌ವಿ ಕಡತ ಕೊಡಿ, ತಿಂಗಳಿಗೊಮ್ಮೆ. ಸಂತ್ರಸ್ತರ ಗುರುತು ಸಿಗಬಾರದು, ಅದಕ್ಕೆ ಐದಕ್ಕಿಂತ ಕಡಿಮೆಯ ಅಂಕಿ ಮುಚ್ಚಿದರಾಯಿತು.

ಇದು ಬರೀ ಸಂಶೋಧಕರ ಬೇಡಿಕೆ ಅನ್ನುವವರು ಹೊಸ ದಂಡ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ ಕಲಂ 479 ನೋಡಲಿ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ, ಮರಣದಂಡನೆ ಅಥವಾ ಜೀವಾವಧಿಯ ಕೇಸಲ್ಲದಿದ್ದಲ್ಲಿ, ಜೈಲು ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಹಾಕಬೇಕು. ಬೇರೆ ಕೇಸು ಬಾಕಿ ಇದ್ದರೆ ಈ ಬಿಡುಗಡೆ ಇಲ್ಲ. ಒಳಗೆ ಬಂದ ತಾರೀಕು ಜೈಲಿನಲ್ಲಿದೆ, ಈಗಿನ ಕಲಮು ಕೋರ್ಟಿನಲ್ಲಿದೆ, ಬೇರೆ ಕೇಸುಗಳ ಮಾಹಿತಿ ಇನ್ನೊಂದು ಜಿಲ್ಲೆಯ ಠಾಣೆಯಲ್ಲಿದೆ. ಮೂರೂ ಒಂದು ಪರದೆ ಮೇಲೆ ಬಾರದಿದ್ದರೆ ಆ ಸೂಪರಿಂಟೆಂಡೆಂಟರು ಯಾವ ಆಧಾರದ ಮೇಲೆ ಅರ್ಜಿ ಬರೆಯಬೇಕು?