ಎಂಟಿಟಿ ಲಿಸನರ್‌ನಲ್ಲಿ ರೆಪೊಸಿಟರಿ ನಲ್ ಆಗುವುದೇಕೆ

ಜಾವಾದಲ್ಲಿ ಎಂಟಿಟಿ (ಡೇಟಾಬೇಸ್ ಸಾಲಿಗೆ ಹೊಂದುವ ಆಬ್ಜೆಕ್ಟ್) ಸೇವ್ ಆಗುವಂಥ ಹೊತ್ತಿನಲ್ಲಿ ತಾನಾಗಿ ಓಡುವ ಕ್ಲಾಸೇ ಲಿಸನರ್. ಅದರ ಮೇಲೆ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಕಾಂಪೊನೆಂಟ್ ಅನೊಟೇಶನ್ ಹಾಕಿ, ಒಳಗೆ ರೆಪೊಸಿಟರಿಯನ್ನು (ಡೇಟಾಬೇಸ್ ಓದಿ ಬರೆಯುವ ಆಬ್ಜೆಕ್ಟ್) ಆಟೊವೈರ್ ಮಾಡಿದರೆ, ಅಂದರೆ ಸ್ಪ್ರಿಂಗ್ ತಾನೇ ತಂದಿಡುವಂತೆ ಮಾಡಿದರೆ, ಸಾಕು ಎಂದು ಒಂದು ಲೇಖನ ಹೇಳುತ್ತದೆ. ಅರ್ಧ ಸರಿ. ಡೇಟಾಬೇಸ್ ಲೈಬ್ರರಿ ಹೈಬರ್ನೇಟ್ 5.3 ಮತ್ತು ಸ್ಪ್ರಿಂಗ್ 5.1ರಿಂದ ಲಿಸನರ್, ಕನ್ವರ್ಟರ್‌ಗಳನ್ನು ಸ್ಪ್ರಿಂಗ್ ಮೂಲಕವೇ ಪಡೆಯಬಹುದು, ಸ್ಪ್ರಿಂಗ್ ಬೂಟ್ 2.1ರಿಂದ ಅದಕ್ಕೆ ಪ್ರತ್ಯೇಕ ಸೆಟ್ಟಿಂಗ್ ಕೂಡ ಬೇಡ. ತೊಡಕಿರುವುದು ಸಮಯದಲ್ಲಿ. ಡೇಟಾಬೇಸ್ ಕೆಲಸಕ್ಕೆಲ್ಲ ಬುಡವಾದ ಎಂಟಿಟಿಮ್ಯಾನೇಜರ್‌ಫ್ಯಾಕ್ಟರಿ ಇನ್ನೂ ಕಟ್ಟುತ್ತಿರುವಾಗಲೇ ಲಿಸನರ್ ಹುಟ್ಟುತ್ತದೆ, ಅದು ಕೇಳುವ ರೆಪೊಸಿಟರಿಗೋ ಅದೇ ಫ್ಯಾಕ್ಟರಿ ಬೇಕು. ಚಕ್ರ ಬಿತ್ತು.

ಇಲ್ಲೇ ಮೋಸ ಹೋಗುವುದು: ಸ್ಪ್ರಿಂಗ್‌ಗೆ ಬೀನ್ (ಅದು ನೋಡಿಕೊಳ್ಳುವ ಆಬ್ಜೆಕ್ಟ್) ಕಟ್ಟಲಾಗದಿದ್ದರೆ ಹೈಬರ್ನೇಟ್ ಖಾಲಿ ಕನ್‌ಸ್ಟ್ರಕ್ಟರ್ ಕರೆದು ತಾನೇ ಒಂದು ಆಬ್ಜೆಕ್ಟ್ ಮಾಡಿಕೊಳ್ಳುತ್ತದೆ; ಅದರಲ್ಲಿ ರೆಪೊಸಿಟರಿ ಫೀಲ್ಡ್ ನಲ್, ಅಂದರೆ ಖಾಲಿ. ಡೀಬಗ್ ಲಾಗ್‌ನಲ್ಲಿ ಒಂದು ಸಾಲು ಬಿಟ್ಟರೆ ಸದ್ದಿಲ್ಲ. ಆ್ಯಪ್ ಆರಾಮಾಗಿ ಏಳುತ್ತದೆ, ಮೊದಲ ಸೇವ್‌ಗೆ ನಲ್‌ಪಾಯಿಂಟರ್. ಹಾಗಾಗಿ ಫೀಲ್ಡ್ ಇಂಜೆಕ್ಷನ್ (ಫೀಲ್ಡ್ ಮೇಲೆಯೇ ಆಟೊವೈರ್ ಹಾಕುವುದು) ಬಿಡಿ. ಆರ್ಗ್ಯುಮೆಂಟ್ ಇರುವ ಒಂದೇ ಕನ್‌ಸ್ಟ್ರಕ್ಟರ್ ಇಟ್ಟರೆ ತಪ್ಪು ಸ್ಟಾರ್ಟಪ್‌ನಲ್ಲೇ ಬಯಲಾಗುತ್ತದೆ.

ಪರಿಹಾರ: ರೆಪೊಸಿಟರಿ ಬದಲು ಆಬ್ಜೆಕ್ಟ್‌ಪ್ರೊವೈಡರ್ (ಕೇಳಿದಾಗ ಮಾತ್ರ ಬೀನ್ ತಂದುಕೊಡುವುದು) ತೆಗೆದುಕೊಂಡು, ಸೇವ್‌ಗೆ ಮೊದಲು ಓಡುವ ಪ್ರಿಪರ್ಸಿಸ್ಟ್ ಮೆಥಡ್ ಒಳಗೆ ಗೆಟ್‌ಆಬ್ಜೆಕ್ಟ್ ಕರೆಯಿರಿ; ಕನ್‌ಸ್ಟ್ರಕ್ಟರ್ ಪ್ಯಾರಾಮೀಟರ್‌ಗೆ ಲೇಜಿ (ಬಳಸುವಾಗ ಮಾತ್ರ ತರುವ ಅನೊಟೇಶನ್) ಹಾಕಿದರೂ ನಡೆಯುತ್ತದೆ. ಬೀನ್ ಕಟ್ಟಿದೊಡನೆ ಓಡುವ ಪೋಸ್ಟ್‌ಕನ್‌ಸ್ಟ್ರಕ್ಟ್‌ನಲ್ಲಿ ರೆಪೊಸಿಟರಿಯನ್ನು ಮುಟ್ಟಿದರೆ ಮಾತ್ರ ಮತ್ತೆ ಅದೇ ಚಕ್ರ. ಅಂದಹಾಗೆ, ಲಿಸನರ್ ಒಳಗಿಂದ ಕ್ವೆರಿ ಓಡಿಸುವುದನ್ನು ಜೆಪಿಎ (ಹೈಬರ್ನೇಟ್ ಪಾಲಿಸುವ ಜಾವಾ ಮಾನದಂಡ) ಸ್ಪೆಸಿಫಿಕೇಶನ್ನೇ ಸಾಮಾನ್ಯವಾಗಿ ಬೇಡ ಎನ್ನುತ್ತದೆ; ಆಡಿಟ್ (ಯಾರು ಏನು ಬದಲಿಸಿದರೆಂಬ ದಾಖಲೆ) ಬರೆಯಬೇಕಿದ್ದರೆ ಇವೆಂಟ್ ಪಬ್ಲಿಷ್ ಮಾಡುವುದೇ ವಾಸಿ.