ಈ ನಾಲ್ವರಲ್ಲಿ ನಾಯಿ ಯಾರು?

ಪಿಯರ್ ಬೂಲ್, ರಾಬರ್ಟ್ ರಿಚ್, ಪಿ. ಎಚ್. ವಜಾಕ್, ಡೊನಾಲ್ಡ್ ಕಾಫ್‌ಮನ್. ನಾಲ್ಕೂ ಹೆಸರು ಬರವಣಿಗೆಯ ವಿಭಾಗದಲ್ಲಿ ಆಸ್ಕರ್ ಪಟ್ಟಿ ಏರಿದವು. ಇವರಲ್ಲಿ ಒಬ್ಬರು ನಾಯಿ. ಯಾರು?

ಮನೆಯಲ್ಲಿ ಆಸ್ಕರ್ ಪಾರ್ಟಿ ಮಾಡಿ ಕ್ವಿಜ್ ಇಡುವವರು ಇಂಥ ಪ್ರಶ್ನೆಯಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ವಾದ. ಇಂಥ ವರ್ಷ ಉತ್ತಮ ನಟ ಯಾರು ಅಂತ ಕೇಳಿ ನೋಡಿ, ಗೊತ್ತಿರುವ ಇಬ್ಬರು ಕೂಗುತ್ತಾರೆ, ಉಳಿದ ಎಂಟು ಜನ ಫೋನ್ ತೆಗೆಯುತ್ತಾರೆ. ಅದು ನೆನಪಿನ ಶಕ್ತಿಯ ಪರೀಕ್ಷೆ ಅಷ್ಟೇ. ಚಿತ್ರಕಥೆಯ ಪ್ರಶಸ್ತಿಗಳಲ್ಲಿ ಹಾಗಲ್ಲ. ಸುಳ್ಳು ಹೆಸರು, ಜಗಳ, ವಿಚಿತ್ರ ನಿಯಮ ಎಲ್ಲ ಇರುವುದರಿಂದ ಸಿನಿಮಾ ನೋಡದವರೂ ಊಹೆ ಮಾಡಿ ಆಡಬಹುದು.

ಉತ್ತರ: ವಜಾಕ್. ಚಿತ್ರಕಥೆಗಾರ ರಾಬರ್ಟ್ ಟೌನ್ ಸಾಕಿದ್ದ ಹಂಗೇರಿ ತಳಿಯ ನಾಯಿ. 'ಗ್ರೇಸ್ಟೋಕ್' (1984) ತನ್ನ ಕೈತಪ್ಪಿ ಬೇರೆಯವರ ಪಾಲಾದ ಸಿಟ್ಟಿಗೆ ಟೌನ್ ತನ್ನ ಹೆಸರು ತೆಗೆಸಿ ನಾಯಿಯ ಹೆಸರು ಹಾಕಿಸಿದರು, ನಾಮನಿರ್ದೇಶನ ಬಂದದ್ದೂ ಆ ಹೆಸರಿಗೇ. ಡೊನಾಲ್ಡ್ ಕಾಫ್‌ಮನ್ ಹುಟ್ಟೇ ಇಲ್ಲ. ಚಾರ್ಲಿ ಕಾಫ್‌ಮನ್ 'ಅಡಾಪ್ಟೇಶನ್' (2002) ಕಥೆಯೊಳಗೆ ತನಗೊಬ್ಬ ಅವಳಿ ಸೋದರನನ್ನು ಹುಟ್ಟಿಸಿ, ಟೈಟಲ್ ಕಾರ್ಡಿನಲ್ಲೂ ಅವನ ಹೆಸರು ಸೇರಿಸಿದ್ದರು. ಪಿಯರ್ ಬೂಲ್ ನಿಜವಾದ ಮನುಷ್ಯ, ಫ್ರೆಂಚ್ ಕಾದಂಬರಿಕಾರ. ಆದರೆ 'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' (1957) ಚಿತ್ರಕಥೆ ಬರೆದವರು ಕಾರ್ಲ್ ಫೋರ್ಮನ್ ಮತ್ತು ಮೈಕೆಲ್ ವಿಲ್ಸನ್. ಕಮ್ಯುನಿಸ್ಟರೆಂದು ಹಾಲಿವುಡ್ ಕಪ್ಪುಪಟ್ಟಿಗೆ ಸೇರಿಸಿದ್ದರಿಂದ ಅವರ ಹೆಸರು ಹಾಕುವ ಹಾಗಿರಲಿಲ್ಲ. ಇಬ್ಬರೂ ತೀರಿಹೋದ ಮೇಲೆ ಪ್ರತಿಮೆ ಮನೆಯವರ ಕೈಸೇರಿತು. ಇನ್ನು ರಾಬರ್ಟ್ ರಿಚ್ ಅಂದರೆ ಅದೇ ಪಟ್ಟಿಯಲ್ಲಿದ್ದ ಡಾಲ್ಟನ್ ಟ್ರಂಬೋ. 1957ರ ಸಮಾರಂಭದಲ್ಲಿ 'ದ ಬ್ರೇವ್ ವನ್' ಕಥೆಗೆ ರಿಚ್ ಹೆಸರು ಕೂಗಿದಾಗ ಅವರ ಪರವಾಗಿ ಬೇರೊಬ್ಬರು ಬಂದು ಪ್ರತಿಮೆ ತಗೊಂಡರು. ಟ್ರಂಬೋ ಕೈಗೆ ಪ್ರತಿಮೆ ಬಂದದ್ದು 1975ರಲ್ಲಿ.

ಒಂದೇ ಪ್ರಶ್ನೆ, ಮಾತಾಡಲು ಹತ್ತು ನಿಮಿಷದ ಸರಕು. ಹೀಗಾಗಿ 12ಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ಹತ್ತು ಜನರಿದ್ದರೆ ಮೂರು ತಂಡ, ಪ್ರತಿ ತಂಡದಲ್ಲೂ ಸಿನಿಮಾ ಹುಚ್ಚಿಲ್ಲದ ಒಬ್ಬರಾದರೂ ಇರಲಿ. ಉತ್ತರಕ್ಕೆ 30 ಸೆಕೆಂಡ್, ಅದೂ ಕಾಗದದ ಮೇಲೆ. ಬಾಯಿಬಿಟ್ಟು ಹೇಳಲು ಬಿಟ್ಟರೆ ಜೋರು ಗಂಟಲಿನವರೇ ಗೆಲ್ಲುತ್ತಾರೆ.

ಎರಡನೇ ಸುತ್ತು ಸ್ವಂತವೋ ಆಧಾರಿತವೋ, ಅಂದರೆ ಚಿತ್ರಕಥೆ ಹೊಸದಾಗಿ ಬರೆದದ್ದೋ, ಮೊದಲೇ ಇದ್ದ ಕೃತಿಯಿಂದ ಬಂದದ್ದೋ. ಪ್ರತಿ ತಂಡಕ್ಕೂ ಎರಡು ಬಣ್ಣದ ಚೀಟಿ ಕೊಡಿ, ಸಿನಿಮಾ ಹೆಸರು ಹೇಳಿದ ತಕ್ಷಣ ಒಂದನ್ನು ಎತ್ತಬೇಕು. 'ಟಾಯ್ ಸ್ಟೋರಿ 3' ಯಾವ ಪುಸ್ತಕದಿಂದಲೂ ಬಂದಿಲ್ಲ, ಆದರೂ ಸ್ಪರ್ಧಿಸಿದ್ದು ಆಧಾರಿತ ಚಿತ್ರಕಥೆಯಲ್ಲಿ. ಮುಂದುವರಿದ ಭಾಗವಾದರೆ ಪಾತ್ರಗಳು ಮೊದಲೇ ಇದ್ದವು ಅನ್ನುವುದು ಆಸ್ಕರ್ ಕೊಡುವ ಅಕಾಡೆಮಿಯ ಲೆಕ್ಕ. 'ಬಾರ್ಬಿ' ಕೂಡ ಅಲ್ಲೇ, ಬೊಂಬೆ ಮೊದಲಿತ್ತಲ್ಲ! 'ಮೂನ್‌ಲೈಟ್'ಗೆ ಮೂಲ ಒಂದು ನಾಟಕ, ಅದು ರಂಗಕ್ಕೇ ಬಂದಿರಲಿಲ್ಲ. ಅಕಾಡೆಮಿ ಅದನ್ನು ಆಧಾರಿತ ಅಂದಿತು, ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಸ್ವಂತ ಅಂದಿತು. ಎರಡೂ ಕಡೆ ಗೆದ್ದಿತು! 'ಬಾರ್ಬಿ' ವಿಷಯದಲ್ಲೂ ಗಿಲ್ಡ್ ಸ್ವಂತದ ಕಡೆಗೇ ಇತ್ತು. ಆದ್ದರಿಂದ ಪ್ರಶ್ನೆಯಲ್ಲಿ 'ಆಸ್ಕರ್ ಪ್ರಕಾರ' ಅನ್ನುವ ಎರಡು ಪದ ಬಿಡಲೇಬೇಡಿ. ಬಿಟ್ಟಿರೋ, ಯಾರೋ ಒಬ್ಬರು ಫೋನಿನಲ್ಲಿ ಗಿಲ್ಡ್ ಪಟ್ಟಿ ತೆಗೆದು ವಾದಕ್ಕೆ ಕೂರುತ್ತಾರೆ, ಅವರು ಹೇಳುವುದೂ ಸರಿಯೇ ಇರುತ್ತದೆ.

ಎಡವುವ ಜಾಗ ಇನ್ನೂ ಎರಡಿವೆ. ಮೊದಲನೆಯದು ಇಸವಿ. '1957ರ ಆಸ್ಕರ್' ಅಂದರೆ 1957ರ ಸಿನಿಮಾಗಳದ್ದೋ, 1957ರಲ್ಲಿ ನಡೆದ ಸಮಾರಂಭದ್ದೋ? 'ಬ್ರೇವ್ ವನ್' ಗೆದ್ದದ್ದು ಒಂದರಲ್ಲಿ, 'ರಿವರ್ ಕ್ವಾಯ್' ಇನ್ನೊಂದರಲ್ಲಿ. ಪ್ರಶ್ನೆಚೀಟಿಯಲ್ಲಿ ಎರಡೂ ಇಸವಿ ಬರೆದಿಡಿ. ಎರಡನೆಯದು ವಿಭಾಗದ ಹೆಸರು. ಟ್ರಂಬೋಗೆ ಸಿಕ್ಕ ಚಿತ್ರಕಥೆ ಆಸ್ಕರ್ ಎಷ್ಟು ಅಂದರೆ ಎಲ್ಲರೂ ಎರಡು ಅನ್ನುತ್ತಾರೆ. ಸರಿಯುತ್ತರ ಸೊನ್ನೆ. 'ರೋಮನ್ ಹಾಲಿಡೇ', 'ಬ್ರೇವ್ ವನ್' ಎರಡಕ್ಕೂ ಸಿಕ್ಕದ್ದು ಕಥೆಯ ಪ್ರಶಸ್ತಿ, ಆಗ ಅದು ಪ್ರತ್ಯೇಕ ವಿಭಾಗ. ಕಥೆ, ಚಿತ್ರಕಥೆ, ಸಂಭಾಷಣೆ ಅಂತ ಟೈಟಲ್ ಕಾರ್ಡಿನಲ್ಲಿ ಬೇರೆಬೇರೆ ಓದಿ ಬೆಳೆದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಅತಿ ಹೆಚ್ಚು', 'ಅತಿ ಕಿರಿಯ' ಥರದ ದಾಖಲೆ ಪ್ರಶ್ನೆಗಳನ್ನು ನಾನಂತೂ ಇಡುವುದಿಲ್ಲ. ಪ್ರತಿ ಮಾರ್ಚಿಗೂ ಹಳಸುತ್ತವೆ.

ಮೂರನೇ ಸುತ್ತಿಗೆ ಟಿವಿ ಬೇಕು. 'ಕಾಸಾಬ್ಲಾಂಕಾ' ಟೈಟಲ್ ಕಾರ್ಡನ್ನು ಪಾಸ್ ಮಾಡಿ ನಿಲ್ಲಿಸಿ. ಎಪ್ಸ್ಟೀನ್ ಸೋದರರ ನಡುವೆ '&' ಗುರುತಿದೆ, ಹೊವರ್ಡ್ ಕಾಕ್ ಹೆಸರಿಗೆ ಮುಂಚೆ ಅಕ್ಷರದಲ್ಲಿ 'ಆ್ಯಂಡ್' ಅಂತಿದೆ. ವ್ಯತ್ಯಾಸ ಏನು? ಹಾಲಿವುಡ್ ಪದ್ಧತಿಯಲ್ಲಿ '&' ಇದ್ದರೆ ಒಟ್ಟಿಗೆ ಕೂತು ಬರೆದವರು, 'ಆ್ಯಂಡ್' ಇದ್ದರೆ ಬೇರೆಬೇರೆಯಾಗಿ ಬರೆದವರು. ಎಪ್ಸ್ಟೀನ್ ಸೋದರರು ಅವಳಿಗಳು ಅನ್ನುವುದನ್ನು ಬೋನಸ್ ಪ್ರಶ್ನೆಗೆ ಇಟ್ಟುಕೊಳ್ಳಿ. ಭಾರತದ ನಂಟಿರುವ ಪ್ರಶ್ನೆ ಬೇಕಾದರೆ ಬುಕರ್ ಮತ್ತು ಆಸ್ಕರ್ ಎರಡನ್ನೂ ಗೆದ್ದವರು ಯಾರು ಅಂತ ಕೇಳಿ: ವರ್ಷಗಟ್ಟಲೆ ದೆಹಲಿಯಲ್ಲಿದ್ದು ಬರೆದ ರುತ್ ಪ್ರವರ್ ಜಾಬ್‌ವಾಲಾ.

ಈಗ ಟ್ರೋಫಿ. ಅಸಲಿ ಪ್ರತಿಮೆ 34 ಸೆಂ.ಮೀ. ಎತ್ತರ, 3.85 ಕಿಲೋ ತೂಕ. ಆ ಯೋಧ ನಿಂತಿರುವುದು ಐದು ಕಡ್ಡಿಯ ಫಿಲ್ಮ್ ರೀಲಿನ ಮೇಲೆ: ನಟರು, ನಿರ್ದೇಶಕರು, ನಿರ್ಮಾಪಕರು, ತಂತ್ರಜ್ಞರು, ಬರಹಗಾರರು. ಎರಡನೇ ಮಹಾಯುದ್ಧದಲ್ಲಿ ಲೋಹದ ಅಭಾವವಾಗಿ ಮೂರು ವರ್ಷ ಪ್ಲಾಸ್ಟರಿನ ಪ್ರತಿಮೆಗೆ ಬಣ್ಣ ಬಳಿದು ಕೊಟ್ಟರು, ಹಾಗಾಗಿ ನಿಮ್ಮದೂ ಪ್ಲಾಸ್ಟರ್ ಆದರೆ ನಾಚಿಕೆಯೇನಿಲ್ಲ. 8 ಸೆಂ.ಮೀ. ಅಗಲದ ಕಾಗದದ ಲೋಟ ತಗೊಳ್ಳಿ. ಬೇರೆ ಪಾತ್ರೆಯಲ್ಲಿ ಒಂದು ಟೀ ಗ್ಲಾಸ್ ನೀರಿಗೆ ಎರಡು ಗ್ಲಾಸ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಉದುರಿಸುತ್ತಾ ಬನ್ನಿ. ಪುಡಿಗೆ ನೀರು ಹುಯ್ದರೆ ಗಂಟು ಕಟ್ಟುತ್ತದೆ. ದೋಸೆಹಿಟ್ಟಿನ ಹದಕ್ಕೆ ಬಂದಾಗ ಲೋಟಕ್ಕೆ ನಾಲ್ಕು ಬೆರಳಿನಷ್ಟು ಸುರಿದು, ಹಳೆಯ ಪ್ಲಾಸ್ಟಿಕ್ ಬೊಂಬೆಯ ಕಾಲು ಊರಿ ಹತ್ತು ನಿಮಿಷ ಹಿಡಿದುಕೊಳ್ಳಿ. ಅರ್ಧ ಗಂಟೆಗೆ ಲೋಟ ಹರಿದು ತೆಗೆದು, ಇನ್ನೂ ಹಸಿಯಿರುವಾಗಲೇ ಮೊಳೆಯಿಂದ ಐದು ಗೆರೆ ಕೊರೆಯಿರಿ. ಒಂದಿಡೀ ದಿನ ಒಣಗಿದ ಮೇಲೆ ಚಿನ್ನದ ಬಣ್ಣದ ಸ್ಪ್ರೇ, ತೆಳ್ಳಗೆ ಎರಡು ಸಲ. ತೇವದ ಮೇಲೆ ಹೊಡೆದರೆ ಪದರಪದರವಾಗಿ ಏಳುತ್ತದೆ. ಬರಹಗಾರರ ಗೆರೆಗೆ ಮಾತ್ರ ಕೆಂಪು ಹಚ್ಚಿ. ಪಾತ್ರೆಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದೀರಿ, ಪೈಪಿನೊಳಗೇ ಕಲ್ಲಾಗುತ್ತದೆ!

ತಿಂಡಿಗೆ ಪಾಪ್‌ಕಾರ್ನ್ ಸಾಕು. ಹತ್ತು ಜನಕ್ಕೆ 200 ಗ್ರಾಂ ಕಾಳು, 5 ಲೀಟರ್ ಪಾತ್ರೆಯಲ್ಲಿ ನೂರು ನೂರರಂತೆ ಎರಡು ಸಲ. ಮುಚ್ಚಳ ಒಂದು ಕೂದಲೆಳೆ ಓರೆಯಾಗಿರಲಿ, ಆವಿ ಒಳಗೇ ನಿಂತರೆ ಅರಳು ಚರ್ಮದ ಹಾಗೆ ಜಗ್ಗುತ್ತದೆ. ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ ಮೆತ್ತಗಾಗುತ್ತದೆ, ತುಪ್ಪ ಹಾಕಿ.

ಹೊತ್ತಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ನೇರಪ್ರಸಾರ ಸೋಮವಾರ ನಸುಕಿಗೆ. 2025ರಲ್ಲಿ ಬೆಳಗಿನ 5.30ಕ್ಕೆ ಶುರುವಾದದ್ದು 2024ರಲ್ಲಿ 4.30ಕ್ಕೇ ಶುರುವಾಗಿತ್ತು, ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಿಡುವುದರಿಂದ. ಆ ಹೊತ್ತಿಗೆ ಯಾರೂ ಬರುವುದಿಲ್ಲ ಅಂತಿಟ್ಟುಕೊಂಡು ಪಾರ್ಟಿಯನ್ನು ಭಾನುವಾರ ರಾತ್ರಿಗೇ ಇಡಿ. ಗೆಲ್ಲುವವರ ಊಹೆಯನ್ನು ಚೀಟಿಯಲ್ಲಿ ಬರೆಸಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿಬಿಡಿ. ಬೆಳಗ್ಗೆ ಎದ್ದು ತಿದ್ದುವ ಹಾಗಿಲ್ಲ.

ಇನ್ನು ಅಂಕ ಸಮವಾದರೆ? ಅತಿಥಿಗಳು ಬರುವ ಮುಂಚೆಯೇ ಕೋಣೆಯ ಮೂಲೆಯಲ್ಲಿ ಒಂದೇ ಒಂದು ಕೆಂಪು ಬಲೂನ್ ನೇತುಹಾಕಿರಿ (ಫ್ಯಾನಿನ ಹತ್ತಿರ ಬೇಡ). ಅದರ ಬಗ್ಗೆ ಯಾರಿಗೂ ಏನೂ ಹೇಳಬೇಡಿ. ಕೊನೆಯಲ್ಲಿ ಕೇಳಿ: ರಾಬರ್ಟ್ ರಿಚ್ ಹೆಸರು ಕೂಗಿದ ಅದೇ 1957ರ ರಾತ್ರಿ, ಮಾತೇ ಇಲ್ಲವೆನ್ನಬಹುದಾದ 34 ನಿಮಿಷದ ಒಂದು ಫ್ರೆಂಚ್ ಕಿರುಚಿತ್ರ ಸ್ವಂತ ಚಿತ್ರಕಥೆಯ ಆಸ್ಕರ್ ಗೆದ್ದಿತು. ಹೆಸರೇನು? ಯಾರು ಮೊದಲು ಮೂಲೆಯ ಕಡೆ ತಲೆಯೆತ್ತಿ ನೋಡುತ್ತಾರೋ ಟ್ರೋಫಿ ಅವರದ್ದು.